ಮರಣದಂಡನೆಯೇ ತಪ್ಪು ಅನ್ನುವವರು ಗಲ್ಲಿನ ಕೈದಿಗೆ ಸಮಾಧಾನ ಹೇಳೋಕೆ ಹೋಗಬಹುದಾ?

ದಾರಿಹೋಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಜೈಲಿಗೆ ಹೋಗಿ ಕೈದಿಗಳ ಜೊತೆ ಮಾತಾಡುವ ಒಂದು ಗುಂಪಿನಲ್ಲಿ ನಾನಿದ್ದೇನೆ. ಪ್ರಾರ್ಥನೆ, ಧ್ಯಾನ, ಒಂದಿಷ್ಟು ಓದು, ಎಷ್ಟೋ ಸಲ ಸುಮ್ನೆ ಹರಟೆ. ಈಗ ಮರಣದಂಡನೆ ಆಗಿರುವ ಒಬ್ಬನನ್ನು ನೋಡಲು ಬರ್ತೀರಾ ಅಂತ ಕೇಳಿದ್ದಾರೆ. ಹೂಂ ಅನ್ನೋಕೂ ಆಗ್ತಿಲ್ಲ, ಉಹೂಂ ಅನ್ನೋಕೂ ಆಗ್ತಿಲ್ಲ.

ನನ್ನ ತಕರಾರು ಇಷ್ಟು. ನನಗೆ ಈ ಶಿಕ್ಷೆಯೇ ತಪ್ಪು ಅನ್ನಿಸುತ್ತದೆ. ಹಾಗಿರುವಾಗ ನಾನು ಹೋಗಿ, ಅವನಿಗೆ ಧೈರ್ಯ ತುಂಬಿ, ಮನಸ್ಸು ತಿಳಿಯಾಗಿಸಿ, ಕೊನೆಗೆ ಅವನು ಗಲಾಟೆ ಮಾಡದೆ ತಲೆಬಾಗಿ ನಡೆದುಹೋಗುವ ಹಾಗೆ ಮಾಡಿದರೆ, ನಾನು ಮಾಡಿದ್ದು ಅವನ ಕೆಲಸವಾ, ಜೈಲಿನ ಕೆಲಸವಾ? ಹೋಗದಿದ್ದರೆ ನನ್ನ ತತ್ವವೇನೋ ಉಳಿಯುತ್ತದೆ. ಅವನು ಮಾತ್ರ ಒಬ್ಬನೇ ಕೂತಿರ್ತಾನೆ. ಜೊತೆಗೆ, ಅವನ ಕೇಸಿನ ವಿವರ ಓದಿ ನನಗೆ ಹೊಟ್ಟೆ ತೊಳಸಿತು. ಇಂಥವನಿಗೆ ಸಮಾಧಾನ ಯಾಕೆ ಸಿಗಬೇಕು ಅಂತ ಒಳಗೊಂದು ದನಿ ಕೇಳ್ತಾನೇ ಇದೆ.

ಈ ಕೆಲಸ ಹತ್ತಿರದಿಂದ ನೋಡಿದವರು, ಕಾನೂನು ಗೊತ್ತಿರುವವರು ಹೇಳಿ. 'ಮನಸ್ಸಿಗೆ ತೋಚಿದ ಹಾಗೆ ಮಾಡಿ' ಅಂತ ಮಾತ್ರ ಹೇಳಬೇಡಿ. ತೋಚದೇ ಇದ್ದದ್ದಕ್ಕೇ ಇಲ್ಲಿ ಬಂದಿರೋದು.

ಕರಿಕೋಟು:

ನಿಮ್ಮ ಅನುಮಾನಕ್ಕೆ ಆಧಾರ ಇದೆ. ಜಪಾನಿನ ವಿಷಯ ನೋಡಿ. ಅಲ್ಲಿ ಜೈಲಿಗೆ ಧರ್ಮೋಪದೇಶಕರು ಹೊರಗಿನಿಂದ ಬರುತ್ತಾರೆ, ಹೆಚ್ಚಿನವರು ಬೌದ್ಧರು. ಗಲ್ಲು ಯಾವತ್ತು ಅಂತ ಕೈದಿಗೆ ತಿಳಿಯೋದು ಅದೇ ದಿನ ಬೆಳಿಗ್ಗೆ. ಅಂದರೆ ವರ್ಷಗಟ್ಟಲೆ, ದಿನಾ ಬೆಳಿಗ್ಗೆ ಹೆಜ್ಜೆ ಸಪ್ಪಳ ಕೇಳಿಸಿಕೊಂಡು ಕೂರಬೇಕು. ಆ ಭಯ ಹುಟ್ಟಿಸೋದು ಸರ್ಕಾರ. ಆಮೇಲೆ ಅದನ್ನು ಇಳಿಸೋಕೆ ಉಪದೇಶಕರನ್ನು ಒಳಗೆ ಬಿಡೋದೂ ಅದೇ ಸರ್ಕಾರ. ಈ ಜಾಗದಲ್ಲಿ ಕೂತ ಯಾರಿಗೇ ಆದರೂ ನಿಮ್ಮ ಪ್ರಶ್ನೆ ಬರಲೇಬೇಕು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2014ರಲ್ಲಿ ಶತ್ರುಘ್ನ ಚೌಹಾಣ್ ಕೇಸಿನಲ್ಲಿ ಭಾರತದ ಸುಪ್ರೀಂ ಕೋರ್ಟ್ ಒಂದು ನಿಯಮ ಮಾಡಿತು. ಕ್ಷಮಾದಾನ ಸಿಗಲಿಲ್ಲ ಅನ್ನೋ ಸುದ್ದಿ ಕೈದಿಗೆ ಮುಟ್ಟಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಅಂತರ ಇರಬೇಕು. ಯಾಕೆ ಅಂತ ಕೋರ್ಟೇ ಹೇಳಿದೆ: ಅವನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ದೇವರ ಜೊತೆ ರಾಜಿಯಾಗಬೇಕು, ಉಯಿಲು ಬರೆಯಬೇಕು, ಮನೆಯವರನ್ನು ನೋಡಬೇಕು. ಅದರ ಜೊತೆಗೇ, ಕೋರ್ಟಿಗೆ ಹೋಗಲು ಇನ್ನೂ ದಾರಿ ಇದ್ದರೆ ಅದನ್ನೂ ಹಿಡಿಯಬೇಕು. ಸಾಯೋಕೆ ಸಿದ್ಧವಾಗೋದು, ಬದುಕೋಕೆ ಹೋರಾಡೋದು ಎರಡೂ ಅದೇ 14 ದಿನದಲ್ಲಿ. ನೀವು ಮೊದಲನೆಯದಕ್ಕೆ ಹೋಗುವವರು. ಎರಡನೆಯದಕ್ಕೆ ಅಡ್ಡ ಬರದಿದ್ದರೆ ಸಾಕು.

ಅಡ್ಡ ಬರೋದು ಹೇಗೆ ಅಂತೀರಾ? 'ತಪ್ಪು ಒಪ್ಪಿಕೊಂಡುಬಿಡು, ಹಗುರಾಗ್ತೀಯ' ಅನ್ನೋ ಮಾತಿನಿಂದ. ಜಪಾನಿನ ಬಾಕ್ಸರ್ ಇವಾವೊ ಹಕಾಮಾಡಾಗೆ 1968ರಲ್ಲಿ ಗಲ್ಲು ಶಿಕ್ಷೆ ಆಯಿತು. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡಿದ್ದ, ಕೋರ್ಟಿನಲ್ಲಿ ನಾನಲ್ಲ ಅಂದ. 1984ರಲ್ಲಿ ಜೈಲಿನಲ್ಲೇ ಕ್ಯಾಥೊಲಿಕ್ ದೀಕ್ಷೆ ಪಡೆದ. 2014ರಲ್ಲಿ ಹೊರಗೆ ಬಂದ, 2024ರಲ್ಲಿ ನಿರಪರಾಧಿ ಅಂತ ತೀರ್ಪಾಯಿತು. ಅಂಥವನ ಮುಂದೆ ಕೂತು ಪಶ್ಚಾತ್ತಾಪದ ಪಾಠ ಹೇಳೋದನ್ನು ಯೋಚನೆ ಮಾಡಿ. ಅದಕ್ಕೇ ಮೊದಲು ಅವನ ವಕೀಲರನ್ನು ಕಂಡು, ಯಾವ ಮಾತು ಎತ್ತಬಾರದು ಅಂತ ಕೇಳಿಕೊಳ್ಳಿ. ಅವನಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಅಣ್ಣನ ತಂಗಿ:

ನಾನು ಆ ಕಡೆಯವಳು. ನನ್ನ ಅಣ್ಣನನ್ನು ಕೊಂದವನಿಗೆ ಜೀವಾವಧಿ ಆಯಿತು. ಗಲ್ಲಾಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ, ಅದಕ್ಕೆ ನಾಚಿಕೆಯೇನೂ ಇಲ್ಲ.

ನೀವು ಹೋಗಬೇಡಿ ಅಂತ ಹೇಳೋಕೆ ಬಂದಿಲ್ಲ. ಯಾವನಾದರೂ ಸಾಯುವಾಗ ಪಕ್ಕದಲ್ಲಿ ಒಬ್ಬರೂ ಇರಬಾರದು ಅಂತ ಬಯಸುವಷ್ಟು ಸಿಟ್ಟು ನನಗಿಲ್ಲ. ಇತ್ತು, ಈಗಿಲ್ಲ. ನನ್ನ ಸಿಟ್ಟು ಬೇರೆ. ಕೊಂದವನ ಹತ್ತಿರ ಧರ್ಮದವರು ಬಂದರು, ಬೈಬಲ್ ಬಂತು, ಧ್ಯಾನದ ಶಿಬಿರವೂ ನಡೆಯಿತು. ನಮ್ಮಮ್ಮನ ಹತ್ತಿರ ಮಣ್ಣಿನ ದಿನ ಬಂದವರು ಬಿಟ್ಟರೆ ಆಮೇಲೆ ಯಾರೂ ಕಾಣಲಿಲ್ಲ. ಇಸ್ಲಾಮಿನ ಕಾನೂನಿನಲ್ಲಿ ಕ್ಷಮಿಸುವ ಹಕ್ಕು ಕೊಲೆಯಾದವನ ವಾರಸುದಾರರಿಗೇ ಇದೆ. ನಮ್ಮನ್ನು ಮಾತ್ರ 'ಅವನನ್ನು ಕ್ಷಮಿಸ್ತೀರಾ' ಅಂತಲೂ ಯಾರೂ ಕೇಳಲಿಲ್ಲ, ಬೇಡ ಅನ್ನೋ ಅವಕಾಶವನ್ನೂ ಕೊಡಲಿಲ್ಲ. ಕೊನೆಗೊಂದು ದಿನ ಒಬ್ಬರು ಬಂದು 'ಅವನು ತುಂಬಾ ಬದಲಾಗಿದ್ದಾನೆ ಅಮ್ಮಾ' ಅಂದರು. ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ಬದಲಾದರೆ ಒಳ್ಳೇದೇ, ಆದರೆ ಅದನ್ನು ಹೊತ್ತು ಆ ಮನೆಯವರ ಬಾಗಿಲಿಗೆ ಹೋಗಬೇಡಿ. ಅವರಾಗಿ ಕೇಳುವವರೆಗೂ ಬೇಡ.

ಮರದ ಬೆಂಚು:

ಮೇಲಿನ ಅಕ್ಕ ಹೇಳಿದ್ದು ನಿಜ. ಅಮೆರಿಕದ ಲೂಸಿಯಾನಾದ ಕ್ಯಾಥೊಲಿಕ್ ಸನ್ಯಾಸಿನಿ ಹೆಲೆನ್ ಪ್ರಿಜಾನ್ ಗಲ್ಲಿನ ಕೈದಿಗಳ ಜೊತೆಗಿದ್ದು ಹೆಸರಾದವರು. ಅವರೂ ಶುರುವಿನಲ್ಲಿ ಕೊಲೆಯಾದವರ ಮನೆಯವರನ್ನು ಭೇಟಿ ಮಾಡಿರಲಿಲ್ಲ. ಆಮೇಲೆ ಅಂಥ ಕುಟುಂಬಗಳಿಗಾಗಿಯೇ ಒಂದು ಗುಂಪು ಕಟ್ಟಿದರು. ಮರಣದಂಡನೆ ವಿರುದ್ಧ ಊರೂರು ಸುತ್ತಿ ಮಾತಾಡಿದರು, ಕೈದಿಯ ಜೊತೆ ಕೊನೆಯ ಕೋಣೆಯವರೆಗೂ ಹೋದರು. ಎರಡನ್ನೂ ಒಬ್ಬರೇ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನು ನೀವು ಹೋದರೆ ಜೈಲಿನವರಿಗೆ ಅನುಕೂಲ ಅಂತ ಅಂದುಕೊಂಡಿದ್ದೀರಲ್ಲ, ಯಾವಾಗಲೂ ಹಾಗೇನಿಲ್ಲ. 2019ರಲ್ಲಿ ಅಮೆರಿಕದ್ದೇ ಅಲಬಾಮಾದಲ್ಲಿ ಒಬ್ಬ ಮುಸ್ಲಿಂ ಕೈದಿ ಕೊನೆ ಗಳಿಗೆಯಲ್ಲಿ ತನ್ನ ಇಮಾಮ್ ಪಕ್ಕದಲ್ಲಿರಲಿ ಅಂದ. ಅಲ್ಲಿ ಒಳಗೆ ಬಿಡ್ತಿದ್ದದ್ದು ಜೈಲಿನ ನೌಕರನಾದ ಕ್ರೈಸ್ತ ಪಾದ್ರಿಯನ್ನು ಮಾತ್ರ. ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅವನ ಕೈ ಬಿಟ್ಟಿತು. ಮರುತಿಂಗಳು ಟೆಕ್ಸಾಸ್‌ನಲ್ಲಿ ಒಬ್ಬ ಬೌದ್ಧ ಕೈದಿ ಅದನ್ನೇ ಕೇಳಿದಾಗ ತಡೆ ಸಿಕ್ಕಿತು. ಆಗ ಟೆಕ್ಸಾಸ್ ಮಾಡಿದ್ದೇನು ಗೊತ್ತಾ? ಎಲ್ಲ ಧರ್ಮದವರಿಗೂ ಬಾಗಿಲು ಹಾಕಿತು! ಆಮೇಲೆ ಬಾಗಿಲು ತೆರೆದರೂ ಮುಟ್ಟುವಂತಿಲ್ಲ, ದನಿಯೆತ್ತಿ ಪ್ರಾರ್ಥಿಸುವಂತಿಲ್ಲ ಅಂದಿತು. 2022ರಲ್ಲಿ ರಮಿರೆಜ್ ಅನ್ನೋ ಕೈದಿಯ ಕೇಸಿನಲ್ಲಿ ಅದೇ ಕೋರ್ಟಿನಿಂದ 8-1ರ ತೀರ್ಪು ಬಂದ ಮೇಲೆ ಅದಕ್ಕೂ ಒಪ್ಪಬೇಕಾಯಿತು. ಕೈ ಮೇಲೆ ಕೈ ಇಡೋಕೆ ಇಷ್ಟು ಕೋರ್ಟು ಕಚೇರಿ. 2024ರಲ್ಲಿ ಅಲಬಾಮಾದಲ್ಲಿ ನೈಟ್ರೋಜನ್ ಅನಿಲದಿಂದ ಶಿಕ್ಷೆ ಜಾರಿ ಮಾಡುವಾಗ ಜೊತೆಗಿದ್ದ ಪಾದ್ರಿ, ನನಗೇ ಅಪಾಯ ಆಗಬಹುದು ಅಂತ ಗೊತ್ತಿದೆ ಎಂದು ಬರೆದ ಕಾಗದಕ್ಕೆ ಸಹಿ ಹಾಕಬೇಕಾಯಿತು.

ನಾನು ಹೋಗ್ತಿದ್ದ ಕೈದಿಗೆ ಆಮೇಲೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಅದಕ್ಕೂ ಮೊದಲು ನಾವಿಬ್ಬರೂ ಹೆಚ್ಚು ಹೊತ್ತು ಕಳೆದದ್ದು ದೇವರ ಬಗ್ಗೆ ಅಲ್ಲ, ಒಂದು ಪತ್ರದ ಬಗ್ಗೆ. ಮಗಳಿಗೆ ಬರೆದದ್ದು. ಎಲ್ಲಾ ಬರೆದು ಮುಗಿಸಿ, ಕೆಳಗೆ 'ನಿನ್ನ ಅಪ್ಪ' ಅಂತ ಹಾಕಬಹುದಾ ಅಂತ ಕೇಳಿದ. ಹಾಕಿದ. ಹೊಡೆದುಹಾಕಿದ. ಬರೀ ಹೆಸರು ಬರೆದ. ಅದನ್ನೂ ಹೊಡೆದು ಹೊಸ ಹಾಳೆ ಕೇಳಿದ. ನಾನು ಒಂದು ಮಾತೂ ಆಡಲಿಲ್ಲ. ಇದು ಜೈಲಿನ ಕೆಲಸವಾ, ಅವನ ಕೆಲಸವಾ ನೀವೇ ಹೇಳಿ.

ದಾರಿಹೋಕ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಮಾತು ನೆನಪಿಟ್ಟುಕೊಳ್ತೀನಿ. ಸೋಮವಾರ ವಕೀಲರಿಗೆ ಫೋನ್ ಮಾಡ್ತೀನಿ. ಇನ್ನೊಂದೇ ಪ್ರಶ್ನೆ. ಕೊನೆಯ ದಿನ ಬರ್ತೀರಾ ಅಂತ ಅವನು ಕೇಳಿದರೆ?

ಮರದ ಬೆಂಚು:

ಜೈಲಿನ ನಿಯಮ ಏನಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ಕಡೆ ಒಳಗಿನವರೆಗೂ ಬಿಡ್ತಾರೆ, ಕೆಲವು ಕಡೆ ಸೂಪರಿಂಟೆಂಡೆಂಟ್ ಮನಸ್ಸು ಮಾಡಿದರೆ ಮಾತ್ರ. ನಿಮ್ಮ ಕೈಲಿ ಇಲ್ಲದ್ದಕ್ಕೆ ಹೂಂ ಅನ್ನಬೇಡಿ. ಅವನಿಗೆ ಮಾತು ಕೊಟ್ಟು ತಪ್ಪಿದವರು ಈಗಾಗಲೇ ಬೇಕಾದಷ್ಟು ಜನ ಇರ್ತಾರೆ. 'ಬಿಟ್ಟರೆ ಬರ್ತೀನಿ' ಅನ್ನಿ. ಮತ್ತೆ, ಅವತ್ತು ರಾತ್ರಿ ನೀವು ಯಾರ ಮನೆಗೆ ಹೋಗ್ತೀರಿ ಅನ್ನೋದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ, ಒಬ್ಬರೇ ಮನೆಗೆ ಹೋಗಬೇಡಿ.