ಸರ್ವರ್ ಟೂಲಿನ 'ಎನೇಬಲ್', 'ಡಿಸೇಬಲ್'ಗೆ ಕನ್ನಡ ಪದ ಬೇಕು, ನಾಳೆಗೇ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕಾಲೇಜು ಹುಡುಗರಿಗೆ ನಾಳೆ ಸಂಜೆ ವೆಬ್ ಸರ್ವರ್ ಪಾಠ ಇದೆ. ಉಬುಂಟುವಿನ ಅಪಾಚೆ ವೆಬ್ ಸರ್ವರಿನಲ್ಲಿ ಎ2ಎನ್‌ಸೈಟ್ ಅಂತ ಸೈಟನ್ನು ಎನೇಬಲ್ ಮಾಡುವ ಒಂದು ಕಮಾಂಡ್ ಇದೆಯಲ್ವಾ, ಅದೇ ಥರದ ಸಣ್ಣ ಟೂಲ್ ಬರೆದಿದ್ದೇನೆ. ಸೈಟಿನ ಹೆಸರು ಕೊಟ್ಟರೆ ಸಾಕು, ಅದರ ಸೆಟ್ಟಿಂಗ್‌ಗಳಿರುವ ಕಾನ್ಫಿಗರೇಶನ್ ಫೈಲನ್ನು ತಾನೇ ಬರೆಯುತ್ತದೆ. ಅದರ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಸಕ್ರಿಯಗೊಳಿಸು', 'ನಿಷ್ಕ್ರಿಯಗೊಳಿಸು' ತುಂಬ ಉದ್ದ. ನೋಡಲು ಒಂದೇ ಥರ ಬೇರೆ. ಅವಸರದಲ್ಲಿ ತಪ್ಪಿ ಓದಿದರೆ ಓಡುತ್ತಿರುವ ಸೈಟೇ ನಿಂತುಹೋಗುತ್ತದೆ. ಕಾನ್ಫಿಗರೇಶನ್‌ಗೂ ಪದ ಇದ್ದರೆ ಹೇಳಿ.

---

'ಸಂರಚನೆ' ಇದೆ. ಲಿನಕ್ಸ್ ಅನುವಾದಗಳಲ್ಲಿ ಆಗಲೇ ಬಳಕೆಯಲ್ಲಿದೆ. ಸರ್ವರ್‌ಗೆ 'ಪೂರೈಕೆಗಣಕ'. ಟೂಲ್ ಅಲ್ಲ, 'ಸಲಕರಣೆ'. ಕನ್ನಡದಲ್ಲಿ ಪದ ಇರುವಾಗ ಇಂಗ್ಲಿಷ್ ಯಾಕೆ?

---

> ಕನ್ನಡದಲ್ಲಿ ಪದ ಇರುವಾಗ ಇಂಗ್ಲಿಷ್ ಯಾಕೆ?

ಸಂರಚನೆ ಎಲ್ಲಿಯ ಕನ್ನಡ ಸರ್? ಸಂಸ್ಕೃತದಿಂದ ತಂದರೆ ಆಗಬಹುದು, ಇಂಗ್ಲಿಷಿನಿಂದ ತಂದರೆ ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಲ್ಪರೇ, ಲೆಕ್ಕ ಬರೆಯುವ ರೈಟರ್ ರೈಟರೇ. ಆದರೆ ಹಣ್ಣು ಕೊಯ್ಯುತ್ತಾರೆ, ಕಣದಲ್ಲಿ ಹರಡುತ್ತಾರೆ. ಹೆಸರು ಹೊರಗಿನದು, ಕೆಲಸದ ಮಾತು ನಮ್ಮದು. ನಿಮ್ಮ ಬೇಲೂರು ತಾಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು ಕ್ರಿ.ಶ. 450ರದ್ದು, ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಊರು ದತ್ತಿ ಕೊಟ್ಟ ಮಾತು ಬಂದಾಗ ಮಾತ್ರ 'ಬಾಳ್ಗಳ್ಚು', ಅಂದರೆ ಕತ್ತಿ ತೊಳೆದು ಕೊಡುವ ದತ್ತಿ, ಅನ್ನುತ್ತದೆ. ಅಚ್ಚಗನ್ನಡ.

ಎನೇಬಲ್‌ಗೆ 'ಹೂಡು' ಅನ್ನಿ, ಡಿಸೇಬಲ್‌ಗೆ 'ಕಳಚು'. ಎ2ಎನ್‌ಸೈಟ್ ಮಾಡುವುದೇನು? ಸೈಟ್ಸ್-ಅವೈಲಬಲ್‌ ಫೋಲ್ಡರಿನಲ್ಲಿರುವ ಫೈಲಿಗೆ ಸೈಟ್ಸ್-ಎನೇಬಲ್ಡ್‌ ಫೋಲ್ಡರಿನಿಂದ ಒಂದು ಕೊಂಡಿ ಹಾಕುತ್ತದೆ, ಅಷ್ಟೇ. ಡಿಸೇಬಲ್ ಮಾಡಿದರೆ ಕೊಂಡಿ ಹೋಗುತ್ತದೆ, ಫೈಲ್ ಇದ್ದಲ್ಲೇ ಇರುತ್ತದೆ. ನೊಗಕ್ಕೆ ಎತ್ತು ಹೂಡಿದ ಹಾಗೆ. ಕಳಚಿದರೆ ಎತ್ತು ಕೊಟ್ಟಿಗೆಗೆ ಹೋಗುತ್ತದೆ, ಸಾಯುವುದಿಲ್ಲ. 'ನಿಷ್ಕ್ರಿಯ' ಅಂದರೆ ಹುಡುಗರು ಫೈಲೇ ಹೋಯಿತು ಅಂತ ಹೆದರುತ್ತಾರೆ.

---

ದಾವೆ ಹೂಡುತ್ತಾರೆ, ಹಣ ಹೂಡುತ್ತಾರೆ. ಸೈಟ್ ಹೂಡುವುದು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಒಪ್ಪಿಗೆಯಿಲ್ಲ.

---

> ದಾವೆ ಹೂಡುತ್ತಾರೆ, ಹಣ ಹೂಡುತ್ತಾರೆ.

ಸಂಚು ಹೂಡುತ್ತಾರೆ, ಬಿಡಾರ ಹೂಡುತ್ತಾರೆ. ಇಷ್ಟು ಕಡೆ ನಡೆಯುವ ಪದ ಇಲ್ಲೂ ನಡೆಯುತ್ತದೆ.

---

ಇಬ್ಬರಿಗೂ ವಂದನೆ. ಹೂಡು, ಕಳಚು ತೆಗೆದುಕೊಂಡೆ. ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ, ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಯಾವುದು ಯಾವುದರ ಉಲ್ಟಾ ಅಂತ ತಕ್ಷಣ ತಿಳಿಯಿತು. ಈಗ ಸಂದೇಶ ಹೀಗಿದೆ: 'ಸೈಟ್ ಹೂಡಿದೆ. ಸರ್ವರ್ ರೀಲೋಡ್ ಮಾಡಿ.' ರೀಲೋಡ್ ಮಾಡದೆ ಅಪಾಚೆ ಹೊಸ ಫೈಲನ್ನು ಓದುವುದೇ ಇಲ್ಲ, ಹಾಗಾಗಿ ಎರಡನೆಯ ಸಾಲನ್ನು ಬಿಡುವಂತಿಲ್ಲ. ಕಾನ್ಫಿಗರೇಶನ್ ಸದ್ಯಕ್ಕೆ ಹಾಗೇ ಇರಲಿ.