ಸಹಾಯ ಬೇಕು: ಪೋಷಕರ ಒಪ್ಪಿಗೆ ಪತ್ರ, ಸರಳ ಕನ್ನಡದಲ್ಲಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಆಪ್ತಸಮಾಲೋಚಕಿ. ಇಡೀ ಶಾಲೆಗೆ ನಾನೊಬ್ಬಳೇ.

ಮಕ್ಕಳ ಜೊತೆ ಆಪ್ತಸಮಾಲೋಚನೆ ಮಾಡುವುದಕ್ಕೆ ಪೋಷಕರು ಸಹಿ ಹಾಕುವ ಒಪ್ಪಿಗೆ ಪತ್ರ ನಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕೆಲಸ ಬಿಟ್ಟು ಓಡಿ ಬರುವ ಅಪ್ಪ ಅಮ್ಮ ಓದದೆ ಸುಮ್ನೆ ಸಹಿ ಹಾಕುತ್ತಾರೆ. ಅದು ಒಪ್ಪಿಗೆ ಹೇಗಾಗುತ್ತದೆ?

ಜಾಸ್ತಿ ತೊಡಕಾಗಿರುವುದು ಗುಟ್ಟು ಕಾಯುವ ಭಾಗ. ಮಗು ಹೇಳಿದ್ದನ್ನು ಬೇರೆಯವರಿಗೆ ಹೇಳುವುದಿಲ್ಲ ಎಂದು ಬರೆಯಬೇಕು. ಆದರೆ ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಹೆದರಿಸದ ಹಾಗೆ, ಎಂಟನೇ ತರಗತಿಯ ಮಗುವಿಗೂ ಅರ್ಥವಾಗುವ ಹಾಗೆ ಬರೆಯುವುದು ಹೇಗೆ? ಸ್ಟಾಫ್‌ರೂಮಿನಲ್ಲಿ ಶಿಕ್ಷಕರೂ "ಏನು ಹೇಳಿದ ಅವನು?" ಎಂದು ಕೇಳುತ್ತಾರೆ. ಕಾಳಜಿಯಿಂದಲೇ ಕೇಳುತ್ತಾರೆ. ಅವರಿಗೆ ತೋರಿಸಲೂ ನಾಲ್ಕು ಸಾಲು ಬೇಕು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ಪತ್ರದ ಕೆಳಗೆ ಸೇರಿಸುತ್ತಿದ್ದೇನೆ.

ನೀವು ಬಳಸುವ ಮಾದರಿ ಇದ್ದರೆ ಶಾಲೆಯ ಹೆಸರು ತೆಗೆದು ಇಲ್ಲೇ ಹಾಕಿ, ಬೇರೆಯವರಿಗೂ ಬೇಕಾಗುತ್ತದೆ ಅಲ್ವಾ. ಇನ್ನೊಂದು ಕೋರಿಕೆ: ಮಕ್ಕಳ ಗುರುತು ಹೇಳದೆ ಕಷ್ಟದ ಪ್ರಸಂಗಗಳನ್ನು ಚರ್ಚಿಸಲು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸೇರಲು ಯಾರಾದರೂ ಸಿದ್ಧರಿದ್ದೀರಾ? ದಾಖಲಾತಿ ಶುರುವಾಗುವ ಮೊದಲು ಪತ್ರ ಕೈಯಲ್ಲಿರಬೇಕು, ದಯವಿಟ್ಟು ಬೇಗ ತಿಳಿಸಿ.