ಕೃಷಿ ಹೊಂಡಕ್ಕೆ ಸಣ್ಣ ಡೀಸೆಲ್ ಇಂಜಿನ್: ಇಟ್ಟುಕೊಂಡವರು ಹೇಳಿ

ಪ್ರಶ್ನೆ, ಮುಳಬಾಗಿಲಿನಿಂದ:
ನಮಸ್ಕಾರ. ಕೃಷಿ ಹೊಂಡ ತೆಗೆಸಿದ್ದೇನೆ. 21ಕ್ಕೆ 21 ಮೀಟರ್, ಆಳ 3 ಮೀಟರ್. ಟಾರ್ಪಾಲ್ ಹಾಸಿಯಾಯಿತು, ಮಳೆಗೆ ತುಂಬಿದೆ. ಬೋರ್‌ವೆಲ್ ಜಮೀನಿನ ಆ ತುದಿಗಿದೆ, ಹೊಂಡದ ಹತ್ತಿರ ಕರೆಂಟಿಲ್ಲ. ಒಂದು ಎಕರೆ ಟೊಮೇಟೊಗೆ ಡ್ರಿಪ್ ಓಡಬೇಕು. 5 ಎಚ್‌ಪಿ ಇಂಜಿನ್ ಹುಡುಕುತ್ತಿದ್ದೇನೆ. ಒಂದು ಕಡೆ ಹಳೇ ದಪ್ಪ ಇಂಜಿನ್ ಇದೆ, ವಾಟರ್ ಕೂಲ್, ಹ್ಯಾಂಡಲ್ ಹೊಡೆಯೋದು. ಇನ್ನೊಂದು ಕಡೆ ಹೊಸದು, ಹಗುರ, ಏರ್ ಕೂಲ್, ಹಗ್ಗ ಎಳೆಯೋದು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಯಾವುದು ಬಾಳುತ್ತದೆ? ಡೀಸೆಲ್ ಎಷ್ಟು ಕುಡಿಯುತ್ತದೆ?

ಶ್ರೀನಿವಾಸಪುರದಿಂದ:
ಅಣ್ಣ, ಎಲ್ಲರೂ ಇಂಜಿನ್ ಬಗ್ಗೆ ಕೇಳುತ್ತಾರೆ, ಪಂಪಿನ ಬಗ್ಗೆ ಯಾರೂ ಕೇಳಲ್ಲ. ಮೊದಲು ಪಂಪಿನ ಪ್ಲೇಟ್ ಮೇಲೆ ಹೆಡ್ ಎಷ್ಟು ಬರೆದಿದೆ ನೋಡಿ, ಅಂದರೆ ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅಂತ. ಕಾಲುವೆಗೆ ನೀರು ಬಿಡುವ ಮೂರಿಂಚಿನ ಪಂಪು ಬೇಕಾದಷ್ಟು ನೀರು ಸುರಿಯುತ್ತದೆ, ಆದರೆ ಒತ್ತಡ ಬರಲ್ಲ. ಅದಕ್ಕೆ ಡ್ರಿಪ್ ಜೋಡಿಸಿದರೆ ಮೊದಲ ಸಾಲು ಒದ್ದೆ, ಕೊನೆ ಸಾಲು ಒಣ.

ಲೆಕ್ಕ ಸುಲಭ. ಡ್ರಿಪ್ಪರ್ ಹತ್ತಿರ ಒಂದು ಕೆಜಿ ಪ್ರೆಷರ್ ಬೇಕು, ಅಂದರೆ 10 ಮೀಟರ್ ಹೆಡ್. ಫಿಲ್ಟರ್ ಕೊಳೆಯಾದಾಗ ಅದೊಂದೇ 5 ಮೀಟರ್ ತಿನ್ನುತ್ತದೆ. ಹೊಂಡದಿಂದ ಮೇಲೆತ್ತಲು 3-4 ಮೀಟರ್. ಜಮೀನು ಏರಿನಲ್ಲಿದ್ದರೆ ಅದೂ ಸೇರಬೇಕು, ಪೈಪ್‌ಲೈನಿಗೂ ಸ್ವಲ್ಪ. ವೆಂಚುರಿಯಲ್ಲಿ (ಡ್ರಿಪ್ ನೀರಿಗೆ ಗೊಬ್ಬರ ಎಳೆದುಕೊಳ್ಳುವ ಸಾಧನ) ಗೊಬ್ಬರ ಬಿಡುವವರಾದರೆ ಇನ್ನೂ ಬೇಕು. ಒಟ್ಟು 25ರಿಂದ 30 ಮೀಟರ್ ಹೆಡ್ಡಿನಲ್ಲಿ ನಿಮಗೆ ಬೇಕಾದಷ್ಟು ನೀರು ಕೊಡುವ ಪಂಪು ತಗೊಳ್ಳಿ. ಗಂಟೆಗೆ ಎರಡು ಲೀಟರ್ ಬಿಡುವ ಡ್ರಿಪ್ಪರ್ ಆದರೆ 5 ಎಚ್‌ಪಿಗೆ ಒಂದು ಎಕರೆ ಒಂದೇ ಸಲಕ್ಕೆ ಓಡುತ್ತದೆ. ನಾಲ್ಕು ಲೀಟರಿನದಾದರೆ ಎರಡು ಭಾಗ ಮಾಡಿ ಗೇಟ್‌ವಾಲು ಹಾಕಿ.

ಡೀಸೆಲ್ ಪೂರ್ತಿ ಲೋಡಿಗೆ ಗಂಟೆಗೆ ಒಂದರಿಂದ ಒಂದೂಕಾಲು ಲೀಟರ್. ಟೊಮೇಟೊಗೆ ದಿನಕ್ಕೆ ಎಕರೆಗೆ ಹನ್ನೆರಡರಿಂದ ಹದಿನೈದು ಸಾವಿರ ಲೀಟರ್ ನೀರು ಹಿಡಿದರೆ ಒಂದು ಗಂಟೆ ಓಡಿಸಿದರೆ ಸಾಕು. ನಿಮ್ಮ ಹೊಂಡದಲ್ಲಿ ಇಳಿಜಾರು ಕಳೆದು ಒಂಬತ್ತೂವರೆ ಲಕ್ಷ ಲೀಟರ್ ಹಿಡಿಯಬಹುದು. ಆವಿಯಾಗಿ ಹೋಗೋದೂ ಇದೆಯಲ್ಲ, ಎರಡು ತಿಂಗಳಿಗಿಂತ ಜಾಸ್ತಿ ನಂಬಬೇಡಿ. ಬೆಳೆಯ ಮಧ್ಯೆ ಒಂದೆರಡು ಮಳೆ ಬರಲೇಬೇಕು.

ಬೋರಿನ ಮೋಟಾರಿಗೆ ಕರೆಂಟು ಪುಕ್ಕಟೆ, ಇದಕ್ಕೆ ದಿನಾ ಕ್ಯಾನು ಹಿಡಿದು ಬಂಕಿಗೆ ಹೋಗಬೇಕು. ಹೊಂಡದ ತನಕ ವೈರ್ ಎಳೆಯೋದಕ್ಕೆ ಎಷ್ಟಾಗುತ್ತದೆ ಅಂತ ಒಂದು ಸಲ ವಿಚಾರಿಸಿ.

ಗುಬ್ಬಿಯಿಂದ:
ನನ್ನ ಓಟು ಹಗುರದ್ದಕ್ಕೆ. ದಪ್ಪ ಇಂಜಿನ್ನು 1500 ಆರ್‌ಪಿಎಂ, ನಿಧಾನವಾಗಿ ತಿರುಗುತ್ತದೆ, ಸವೆಯೋದು ಕಡಿಮೆ, ಯಾವ ಹಳ್ಳಿ ಮೆಕ್ಯಾನಿಕ್ ಬೇಕಾದರೂ ಬಿಚ್ಚುತ್ತಾನೆ. ಎಲ್ಲ ಒಪ್ಪಿದೆ. ಆದರೆ ನೂರು ಕೆಜಿ ಮೇಲೆ ತೂಕ. ತೋಟದಲ್ಲೇ ಬಿಡಬೇಕು. ನಮ್ಮ ಕಡೆ ತೋಟದಲ್ಲಿ ಬಿಟ್ಟಿದ್ದು ಬೆಳಗ್ಗೆ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಐವತ್ತು ಕೆಜಿ ಒಳಗಿನದನ್ನ ಇಬ್ಬರು ಎತ್ತಿ ಮನೆಗೆ ತರಬಹುದು. ಏರ್ ಕೂಲ್‌ನದು 3000 ದಾಟಿ ತಿರುಗುತ್ತದೆ, ಕಿವಿ ಹೋಗುತ್ತದೆ, ಆಯಿಲ್ ಬೇಗ ಬದಲಿಸಬೇಕು. ಹೊಸದರಲ್ಲಿ ಮೊದಲ ಆಯಿಲ್ಲು ಬುಕ್ಕಿನಲ್ಲಿ ಹೇಳಿದಷ್ಟು ಗಂಟೆಗೇ ಬದಲಿಸಿ, ಒಳಗಿನ ಹೊಸ ಪಾರ್ಟುಗಳು ಸವೆದ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಕೂಲಿಂಗ್ ಫಿನ್‌ಗಳ ಮಧ್ಯೆ ಹುಲ್ಲು, ಧೂಳು ಕೂತಿದ್ದರೆ ಬ್ರಶ್ ಹಾಕಿ ತೆಗೆಯಿರಿ.

ಶಿಡ್ಲಘಟ್ಟದಿಂದ:
ಹಿಪ್ಪುನೇರಳೆ ತೋಟಕ್ಕೆ ದಪ್ಪ ಇಂಜಿನ್ನೇ ಇಟ್ಟಿದ್ದೇವೆ. ಅಪ್ಪನ ಕಾಲದ್ದು, ಇನ್ನೂ ಓಡುತ್ತಿದೆ. ಇದರಲ್ಲಿ ಒಂದು ಅಪಾಯ ಇದೆ, ಅಂಗಡಿಯವರು ಹೇಳಲ್ಲ. ಎಷ್ಟೋ ಕಡೆ ಇಂಜಿನ್ ತಣ್ಣಗಾಗೋ ನೀರು ಪಂಪಿನ ಡೆಲಿವರಿಯಿಂದಲೇ ಸಣ್ಣ ಪೈಪಿನಲ್ಲಿ ಬರುತ್ತದೆ. ನೀರೊಳಗಿನ ಪೈಪಿನ ತುದಿಯ ಫುಟ್‌ವಾಲಿಗೆ ಕಸ ಸಿಕ್ಕಿಯೋ ಸಕ್ಷನ್ ಪೈಪಿನಲ್ಲಿ ಗಾಳಿ ಎಳೆದೋ ಪಂಪು ನೀರು ಎತ್ತೋದು ನಿಲ್ಲಿಸಿತು ಅಂದುಕೊಳ್ಳಿ. ಇಂಜಿನ್ ನಿಲ್ಲಲ್ಲ, ಲೋಡ್ ಇಲ್ಲದೆ ಆರಾಮಾಗಿ ಓಡುತ್ತಿರುತ್ತದೆ. ತಣ್ಣೀರು ಮಾತ್ರ ನಿಂತಿರುತ್ತದೆ. ಪಕ್ಕದ ತೋಟದವರದು ಹೀಗೇ ಪಿಸ್ಟನ್ ಹಿಡಿದುಕೊಂಡಿತು, ಅವರು ಊಟಕ್ಕೆ ಹೋಗಿದ್ದರು. ಹೊರಗೆ ಬೀಳುವ ಬಿಸಿನೀರಿನ ಪೈಪು ಕಣ್ಣಿಗೆ ಕಾಣುವ ಹಾಗೆ ಇಡಿ. ಕೈ ಇಟ್ಟರೆ ತಡೆಯುವಷ್ಟು ಬಿಸಿ ಇರಬೇಕು.

ಇನ್ನು ಡೀಸೆಲ್ ಖಾಲಿಯಾಗಲು ಬಿಡಬೇಡಿ. ಲೈನಿನಲ್ಲಿ ಏರ್ ಹಿಡಿದರೆ ಹ್ಯಾಂಡಲ್ ಎಷ್ಟು ಹೊಡೆದರೂ ಸುಮ್ನೆ ಕೈನೋವು. ಮೆಕ್ಯಾನಿಕ್ಕಿಗೆ ಕಾಯಬೇಕಿಲ್ಲ. ಟ್ಯಾಂಕ್ ತುಂಬಿಸಿ. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಡೀಸೆಲ್ ಬರುತ್ತಿರುವಾಗಲೇ ಟೈಟ್ ಮಾಡಿ, ನಿಂತ ಮೇಲೆ ಅಲ್ಲ. ಮುಂದೆ ಇಂಜಿನ್ನಿಗೆ ಡೀಸೆಲ್ ತಳ್ಳುವ ಡೀಸೆಲ್ ಪಂಪಿನ ಸ್ಕ್ರೂವಿನಲ್ಲೂ ಹೀಗೇ. ಕೊನೆಗೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಹತ್ತಿರದ ಪೈಪಿನ ನಟ್ ಸಡಿಲಿಸಿ, ಡೀಕಂಪ್ರೆಷನ್ ಲಿವರ್ (ಒಳಗಿನ ಗಾಳಿಯ ಒತ್ತಡ ಬಿಡಿಸಿ ಹ್ಯಾಂಡಲ್ ಸಲೀಸು ಮಾಡೋದು) ಎತ್ತಿ, ಆಕ್ಸಿಲೇಟರ್ ಪೂರ್ತಿ ಕೊಟ್ಟು ಹ್ಯಾಂಡಲ್ ತಿರುಗಿಸಿ. ಅಲ್ಲಿ ಚಿಮ್ಮಲು ಶುರುವಾದರೆ ನಟ್ ಬಿಗಿ ಮಾಡಿ. ನಾಜಲ್ ಒಳಗೆ ಕಿರ್ ಅನ್ನೋ ಸದ್ದು ಕೇಳಿದರೆ ಸ್ಟಾರ್ಟ್ ಆಯಿತು ಅಂತಲೇ ಲೆಕ್ಕ. ಅಡ್ಡಾಡುವ ಮಕ್ಕಳನ್ನ ದೂರ ಇಡಿ, ಹ್ಯಾಂಡಲ್ ವಾಪಸ್ ಹೊಡೆದರೆ ಮಣಿಕಟ್ಟು ಮುರಿಯುತ್ತದೆ.

ಸೀಮೆಎಣ್ಣೆ ಬೆರೆಸುವ ಹಳೇ ಚಾಳಿ ಯಾರಿಗಾದರೂ ಇದ್ದರೆ ಬಿಡಿ. ಅದರಲ್ಲಿ ಜಿಡ್ಡಿಲ್ಲ. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದು ತೆಳುವಾದರೆ ಪಂಪಿನ ಒಳಗೆ ಸವೆಯುತ್ತದೆ.

ಮುಳಬಾಗಿಲಿನಿಂದ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪಂಪಿನ ಹೆಡ್ ನೋಡೇ ಇರಲಿಲ್ಲ. ಹಳೇ ಇಂಜಿನ್ ಕಡೆಗೇ ಮನಸ್ಸು ವಾಲಿದೆ, ಶೆಡ್ ಹಾಕಿಸಿ ಬೀಗ ಹಾಕುತ್ತೇನೆ. ಹಳೇದರಲ್ಲಿ ಏನೇನು ನೋಡಬೇಕು?

ಶ್ರೀನಿವಾಸಪುರದಿಂದ:
ನೀವು ಹೋಗುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರು ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ, ಬಿಸಿ ಇಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ. ತಣ್ಣಗಿರುವಾಗ, ಡೀಕಂಪ್ರೆಷನ್ ಲಿವರ್ ಕೆಳಗಿಟ್ಟು, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ತಿರುಗಿದರೆ ರಿಂಗೋ ವಾಲ್ವೋ ಹೋಗಿದೆ. ಆಯಿಲ್ ಕಡ್ಡಿ ತೆಗೆದು ನೋಡಿ. ಹಾಲು ಹಾಕಿದ ಟೀ ಹಾಗಿದ್ದರೆ ಒಳಗೆ ನೀರು ಸೇರಿದೆ, ಅಲ್ಲಿಂದಲೇ ವಾಪಸ್ ಬನ್ನಿ. ಓಡುವಾಗ ಆಯಿಲ್ ಮುಚ್ಚಳ ಬಿಚ್ಚಿ. ಸ್ವಲ್ಪ ಉಗಿ ಸಹಜ, ಭುಸುಗುಟ್ಟಿಕೊಂಡು ಹೊಗೆ ಬಂದರೆ ಸಿಲಿಂಡರ್ ಸವೆದಿದೆ, ಬೋರ್ ಕೆಲಸ ಇದೆ. ಹೊಗೆ ನೀಲಿ ಇದ್ದರೆ ಆಯಿಲ್ ಸುಡುತ್ತಿದೆ.

ಬೆಲೆ ಮಾತಾಡೋಕೆ ಮುಂಚೆ ಪಂಪಿನ ಪ್ಲೇಟ್ ಫೋಟೋ ಇಲ್ಲಿ ಹಾಕಿ ಅಣ್ಣ, ನೋಡಿ ಹೇಳುತ್ತೇನೆ.